ಡೆಕ್ಕಿನ ನಕ್ಷೆಯಲ್ಲಿ ಇಲ್ಲದ ಹಗ್ಗ

ದೇವರ ಮುಂದೆ ಕೂತು ಸಿಟ್ಟು ಮಾಡಿಕೊಳ್ಳಬಾರದು ಅಂತ ನನಗೂ ಗೊತ್ತು. ಆದರೂ ಈಚೆಗೆ ಕೆಲವು ವಾರ ನನ್ನ ಲಿಂಗಪೂಜೆ ನಡೆದದ್ದೆಲ್ಲ ಹಲ್ಲು ಕಚ್ಚಿಕೊಂಡೇ. ಹಣೆಗೆ ಹಚ್ಚಿದ ವಿಭೂತಿ ಹಚ್ಚಿದ ಕ್ಷಣವೇ ಒಣಗಿ ಉದುರಬೇಕು, ಅಷ್ಟು ಕಾದಿತ್ತು ತಲೆ.

ಹಾಗೆ ನೋಡಿದರೆ ನಾನು ಸಿಟ್ಟಿನ ಹೆಂಗಸಲ್ಲ. ಸಣ್ಣ ಸಣ್ಣದಕ್ಕೆಲ್ಲ ಶಿವನಿಗೆ ಕೈ ಮುಗಿಯುವವಳು. ಹಾಲು ಉಕ್ಕುವ ಮೊದಲೇ ನೆನಪಾಯಿತೇ, ಶಿವನ ಕೃಪೆ. ಕಾವೇರಿ ನೀರು ಬರುವ ದಿನ ಕರೆಂಟೂ ಇತ್ತೇ, ಶಿವನ ಕೃಪೆ. ವಿಜಯನಗರದ ಮಾರ್ಕೆಟ್ಟಿನಿಂದ ಆರಿಸಿ ತಂದ ಬದನೆಕಾಯಿಯೊಳಗೆ ಹುಳು ಇಲ್ಲವೇ, ಅದಂತೂ ದೊಡ್ಡ ಕೃಪೆ. ಹೀಗೆ ದಿನದ ಕೃಪೆಗಳನ್ನು ಒಂದೊಂದಾಗಿ ನೆನೆದುಕೊಂಡು ತಲೆದಿಂಬಿಗೆ ತಲೆ ಕೊಟ್ಟರೆ ನನಗೆ ಬೆಳಗಿನವರೆಗೆ ಒಳ್ಳೆಯ ನಿದ್ದೆ. ಆ ನಿದ್ದೆಯನ್ನು ಕೆಡಿಸಿದ್ದು ಒಂದು ಡೆಕ್ಕು.

ಡೆಕ್ಕು ಅಂದರೆ ಹಡಗಿನಲ್ಲಿರುವುದು ಅಂತ ನಾನು ತಿಳಿದಿದ್ದೆ. ನಮ್ಮ ಆರ್‌ಪಿಸಿ ಲೇಔಟಿಗೂ ಹಡಗಿಗೂ ಏನು ಸಂಬಂಧ? ಇಲ್ಲಿಗೆ ಸಮುದ್ರ ಬರುವುದು ದೊಡ್ಡ ಮಳೆಗೆ ಮೋರಿ ಉಕ್ಕಿದಾಗ ಮಾತ್ರ.

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಯಾರು ಗೃಹಪ್ರವೇಶಕ್ಕೆ ಕರೆದರೂ ತಪ್ಪಿಸುವುದಿಲ್ಲ. ಊಟಕ್ಕಿಂತ ಮನೆ ನೋಡುವ ಚಪಲ ಹೆಚ್ಚು. ಬಚ್ಚಲಿನ ನಲ್ಲಿ ತಿರುಗಿಸಿ ನೋಡಿ, ಕಿಟಕಿಯ ಚಿಲಕ ಎಳೆದು ನೋಡಿ, ತಾಂಬೂಲದ ಜೊತೆಗೆ ಒಂದು ಹೊಸ ಆಸೆಯನ್ನೂ ಹಿಡಿದುಕೊಂಡು ಬರುತ್ತಾರೆ. ಕೆಂಗೇರಿ ಕಡೆ ಅವರ ಸೋದರತ್ತೆಯ ಮಗ ಕಟ್ಟಿಸಿದ ಮನೆಗೆ ಹೋಗಿ ಬಂದ ಸಂಜೆ ಅವರ ಮುಖದಲ್ಲಿ ಅಂಥದೇ ಒಂದು ಹೊಳಪು.

“ಟೆರೇಸ್ ಮೇಲೆ ಮರದ ನೆಲ ಹಾಕ್ಸಿದಾನೆ ಕಣೇ. ಮರ ಅಲ್ಲ, ಕಾಂಪೋಸಿಟ್ ಅಂತೆ. ಗೆದ್ದಲು ಹಿಡಿಯಲ್ಲ, ಮಳೆಗೆ ಕೊಳೆಯಲ್ಲ. ಸಂಜೆ ಹೊತ್ತು ಅದರ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ರೆ... ಅಬ್ಬಾ!”

“ನಮ್ಮ ಟೆರೇಸ್ ಮೇಲೂ ಕುರ್ಚಿ ಹಾಕ್ಕೊಂಡು ಕೂರ್ಬಹುದಲ್ಲ. ಯಾರು ಬೇಡ ಅಂದ್ರು?”

“ಸಿಮೆಂಟ್ ಮೇಲೆ ಕೂರೋದೂ ಡೆಕ್ ಮೇಲೆ ಕೂರೋದೂ ಒಂದೇನಾ? ನಿಂಗೆ ಹೇಳಿ ಪ್ರಯೋಜನ ಇಲ್ಲ ಬಿಡು.”

ಪ್ರಯೋಜನ ಇಲ್ಲವೆಂದ ಮೇಲೆ ಅವರು ನನಗೆ ಹೇಳಲೂ ಇಲ್ಲ. ನಮ್ಮ ಮಗ ಪ್ರಸನ್ನನಿಗೆ ಹೇಳಿದರು. ಅವನು ಗೋವಿಂದರಾಜನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಮನೆ ಕಟ್ಟುವವರು, ಕಟ್ಟಿದ್ದನ್ನು ಒಡೆಯುವವರು ಎಲ್ಲರೂ ಅವನಿಗೆ ಪರಿಚಯ. ಅವನು ಸಿಂಚನಾ ಅನ್ನುವ ಡಿಸೈನರ್ ಹುಡುಗಿಗೆ ಹೇಳಿದ. ಅವಳು ಟೇಪು ಹಿಡಿದು ಬಂದಳು. ಮೂವರೂ ತಾರಸಿಯ ಮೇಲೆ ಮೂಲೆಯಿಂದ ಮೂಲೆಗೆ ಓಡಾಡಿ ಅಳತೆ ತೆಗೆದರು. ಈ ಮಹಾಯೋಜನೆಯಲ್ಲಿ ನನ್ನ ಪಾಲಿಗೆ ಬಂದದ್ದು ಮೂವರಿಗೂ ಕಾಫಿ ಮಾಡುವ ಕೆಲಸ. ಸಕ್ಕರೆ ಕಡಿಮೆ ಹಾಕಿದೆ. ಆಗ ನನ್ನ ಕೈಲಾದ ಪ್ರತಿಭಟನೆ ಅಷ್ಟೇ.

ನಮ್ಮ ತಾರಸಿಯ ವಿಚಾರ ನಿಮಗೆ ಸ್ವಲ್ಪ ಹೇಳಬೇಕು. ನಮ್ಮದು ಮೂವತ್ತು ನಲವತ್ತರ ಸೈಟಿನ ಮನೆ. ಕೆಳಗಿನ ಮನೆ ಬಾಡಿಗೆಗೆ, ಮೇಲಿನದರಲ್ಲಿ ನಾವು, ನಮ್ಮ ತಲೆಯ ಮೇಲೆ ತಾರಸಿ. ನಮ್ಮ ಬೀದಿಯ ಮನೆಗಳೆಲ್ಲ ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ ಭುಜಕ್ಕೆ ಭುಜ ತಾಗಿಸಿಕೊಂಡಿವೆ. ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ನಮ್ಮ ಮನೆಯಲ್ಲಿ ಸೀನು. ಇಂಥ ಕಡೆ ಬಿಸಿಲು ಪಕ್ಕದಿಂದ ಬರುವುದಿಲ್ಲ, ಮೇಲಿನಿಂದ ಮಾತ್ರ ಬರುತ್ತದೆ. ಕೆಳಗಿನ ಮನೆಯ ಅಡುಗೆಕೋಣೆಯಲ್ಲಿ ನಡುಮಧ್ಯಾಹ್ನವೂ ಲೈಟು ಉರಿಯಬೇಕು. ತಾರಸಿಯ ಮೇಲೆ ಮಾತ್ರ ಸೂರ್ಯ ಬೆಳಗಿನಿಂದ ಸಂಜೆವರೆಗೆ ಧಾರಾಳಿ. ಅಲ್ಲಿ ನೀರಿನ ಟ್ಯಾಂಕು, ಸೋಲಾರು, ಬಟ್ಟೆ ಒಗೆಯುವ ಕಲ್ಲು, ಪೂಜೆಗೆ ಎಲೆ ಕೊಡುವ ನನ್ನ ಬಿಲ್ವದ ಕುಂಡ, ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿದ ಹಗ್ಗಗಳು. ಬೇಸಿಗೆಯಲ್ಲಿ ಅಲ್ಲೇ ನನ್ನ ಸಂಡಿಗೆ, ಅಲ್ಲೇ ಬ್ಯಾಡಗಿ ಮೆಣಸಿನಕಾಯಿ.

ಅಲ್ಲೇ ರೇಖಾಳ ಬಟ್ಟೆಯೂ. ಕೆಳಗಿನ ಮನೆಯ ಬಾಡಿಗೆಯವಳು ರೇಖಾ. ಗಂಡ ಸ್ಕೂಲಿನ ವ್ಯಾನು ಓಡಿಸುತ್ತಾನೆ. ಮಾವನಿಗೆ ಲಕ್ವ ಹೊಡೆದು, ಹಾಸಿಗೆ ಬಿಟ್ಟು ಏಳಲಾರದ ಸ್ಥಿತಿ. ಎಲ್ಲ ಹಾಸಿಗೆಯಲ್ಲೇ. ಬೆಳಗಾದರೆ ಒದ್ದೆ ಹಾಸು, ಒದ್ದೆ ಹೊದಿಕೆ, ಒದ್ದೆ ಪಂಚೆ. ಆ ಹುಡುಗಿ ಮುಖ ಗಂಟಿಕ್ಕದೆ ಅದನ್ನೆಲ್ಲ ಒಗೆದು, ಬಕೆಟ್ಟು ಹೊತ್ತು ಎರಡು ಮಹಡಿ ಹತ್ತಿ, ಹರವಿ, ಸಂಜೆ ಎತ್ತಿಕೊಂಡು ಹೋಗುತ್ತಾಳೆ. ಬಿಸಿಲಿಗೆ ಗರಿಗರಿಯಾಗಿ ಒಣಗಿದ ಬಟ್ಟೆಯಲ್ಲಿ ವಾಸನೆ ನಿಲ್ಲುವುದಿಲ್ಲ. ಅದರ ಮೇಲೆ ಮಲಗಿದವರ ಬೆನ್ನಿಗೂ ಹಿತ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅತ್ತೆಯ ಕೊನೆಗಾಲದಲ್ಲಿ ಅವರ ಬಟ್ಟೆಯನ್ನು ಇದೇ ತಾರಸಿಯ ಮೇಲೆ ನಾನೇ ಒಣಗಿಸಿದ್ದೇನೆ. ಅವರು ಹೊದಿಕೆಯನ್ನು ಮೂಗಿಗೆ ಹಿಡಿದು “ಬಿಸಿಲು ಘಮ್ ಅಂತದೆ ನೋಡು” ಅನ್ನುತ್ತಿದ್ದರು. ನಡೆಯಲಾಗದ ಜೀವಕ್ಕೆ ಬಿಸಿಲು ಬಂದು ಮುಟ್ಟುವ ದಾರಿ ಅದೊಂದೇ.

ಇರಲಿ. ಡೆಕ್ಕಿನ ಚಿತ್ರ ಬಂತು. ಸಿಂಚನಾ ಲ್ಯಾಪ್‌ಟಾಪ್ ತೆರೆದು ನಮ್ಮ ತಾರಸಿಯನ್ನು ತೋರಿಸಿದಳು. ಅವಳೇ ಹೇಳಿದ್ದರಿಂದ ಅದು ನಮ್ಮ ತಾರಸಿ ಅಂತ ನಂಬಿದೆ. ಅಂಚಿನಿಂದ ಅಂಚಿಗೆ ಕಾಫಿಬಣ್ಣದ ಹಲಗೆ. ಬೆತ್ತದ ಕುರ್ಚಿಗಳು. ಸಾಲಾಗಿ ತೂಗುಬಿಟ್ಟ ದೀಪಗಳು. ಆನೆಕಿವಿಯಷ್ಟಗಲ ಎಲೆಯ ಒಂದು ಗಿಡ, ಪೂಜೆಗೂ ಬರದ್ದು, ಸಾರಿಗೂ ಬರದ್ದು. ಮತ್ತೆ, ನಮಗೆ ಬೆನ್ನು ಮಾಡಿ ಆಕಾಶ ನೋಡುತ್ತ ನಿಂತ ಒಬ್ಬ ತೆಳ್ಳನೆಯ ಹೆಂಗಸು.

“ಇವಳ್ಯಾರಮ್ಮಾ?” ಅಂತ ಕೇಳಿದೆ.

“ಯಾರೂ ಇಲ್ಲ ಆಂಟಿ. ಸುಮ್ನೆ ಸೈಜ್ ಗೊತ್ತಾಗ್ಲಿ ಅಂತ ಹಾಕಿರೋದು.”

ಅಂದರೆ ನಮ್ಮ ತಾರಸಿಯ ಮೇಲೆ ಏನೂ ಕೆಲಸವಿಲ್ಲದೆ ಸುಮ್ಮನೆ ನಿಲ್ಲಲು ಒಬ್ಬ ಹೆಂಗಸು ಸಿಕ್ಕಿದ್ದಳು, ಅದು ನಾನಲ್ಲ. ಕನ್ನಡಕ ಸರಿಮಾಡಿಕೊಂಡು ಮತ್ತೆ ಹುಡುಕಿದೆ.

“ಹಗ್ಗ ಎಲ್ಲಿ?”

“ಯಾವ ಹಗ್ಗ ಆಂಟಿ?”

“ಬಟ್ಟೆ ಒಣಗಿಸೋ ಹಗ್ಗ.”

ಅವಳು ಪ್ರಸನ್ನನ ಮುಖ ನೋಡಿದಳು. ಪ್ರಸನ್ನ ಅವರಪ್ಪನ ಮುಖ ನೋಡಿದ. ಅವರಪ್ಪ ಫ್ಯಾನು ನೋಡಿದರು.

“ಅಮ್ಮಾ, ಇಷ್ಟೆಲ್ಲ ಮಾಡಿ ಡೆಕ್ ಹಾಕ್ಸಿ, ಅದರ ಮೇಲೆ ಪೆಟಿಕೋಟ್ ನೇತಾಕಿದ್ರೆ ಹೆಂಗಿರುತ್ತೆ ನೀನೇ ಹೇಳು” ಅಂದ ಮಗರಾಯ.

“ಪೆಟಿಕೋಟೇ ಇಲ್ದೆ ಓಡಾಡಿದ್ರೆ ಹೆಂಗಿರುತ್ತೆ, ಅದನ್ನೂ ನೀನೇ ಹೇಳಪ್ಪಾ.”

ಸಿಂಚನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಆಂಟಿ, ಡ್ರೈಯರ್ ಇರೋ ಮೆಷಿನ್ ತಗೊಂಬಿಡಿ. ಟೆನ್ಷನ್ನೇ ಇರಲ್ಲ.”

ಟೆನ್ಷನ್ ಇರಲಿಲ್ಲಮ್ಮಾ, ನೀನು ಬರುವವರೆಗೆ ಅಂತ ನಾಲಿಗೆಯ ತುದಿಗೆ ಬಂತು. ಅತಿಥಿ, ಪರರ ಮಗಳು ಅಂತ ನುಂಗಿಕೊಂಡೆ. ಆಮೇಲೆ ಗೊತ್ತಾಯಿತು, ಚಿತ್ರದಲ್ಲಿ ಇನ್ನೂ ಒಂದು ಪುಟ ಇತ್ತು. ಉರಿಬಿಸಿಲಿಗೆ ಹಲಗೆಯ ಬಣ್ಣ ಮಾಸುತ್ತದಂತೆ, ಬರಿಗಾಲಿಟ್ಟರೆ ಸುಡುತ್ತದಂತೆ. ಅದಕ್ಕೆ ಡೆಕ್ಕಿನ ಮೇಲೆ ಒಂದು ಚಾವಣಿ. ಆಕಾಶ ನೋಡುತ್ತ ಕೂರಲು ಡೆಕ್ಕು, ಡೆಕ್ಕಿಗೆ ಬಿಸಿಲು ತಾಗದಿರಲು ಚಾವಣಿ, ಚಾವಣಿಯಿಂದ ಆಕಾಶ ಕಾಣದು. ಇದನ್ನು ನಾನು ಹೇಳಿದಾಗ ಯಜಮಾನರು, “ಎಲ್ಲದಕ್ಕೂ ಅಡ್ಡ ಮಾತಾಡ್ಬೇಡ” ಅಂದರು.

ಹೋಗುವಾಗ ಆ ಹುಡುಗಿ ಹಲಗೆಯ ಒಂದು ತುಂಡನ್ನು ಮಾದರಿಗೆ ಬಿಟ್ಟು ಹೋದಳು. ಮರದ ಪುಡಿಯನ್ನೂ ಪ್ಲಾಸ್ಟಿಕ್ಕನ್ನೂ ಕಲಸಿ ಅಚ್ಚು ಹೊಯ್ದದ್ದು. ನೋಡಿದರೆ ಮರ, ತಟ್ಟಿದರೆ ಡಬ್ಬದ ಮುಚ್ಚಳ. ಯಜಮಾನರು ಅದನ್ನು ಟಿವಿಯ ಪಕ್ಕ ನಿಲ್ಲಿಸಿ, ಬಂದವರಿಗೆಲ್ಲ ಮುಟ್ಟಿ ನೋಡಲು ಹೇಳುತ್ತಿದ್ದರು. ಒಂದು ಬೆಳಿಗ್ಗೆ ನನಗೆ ಕುಕ್ಕರ್ ಇಳಿಸಲು ಏನೂ ಸಿಗಲಿಲ್ಲ. ಕೈಗೆ ಹತ್ತಿರ ಇದ್ದದ್ದು ಅದೇ. ಇಳಿಸಿದೆ. ಎತ್ತಿದಾಗ ಹಲಗೆಯ ಮೇಲೆ ಅರ್ಧಚಂದ್ರ, ಥೇಟು ಶಿವನ ಜಟೆಯಲ್ಲಿರುವಂಥದ್ದು.

“ಬೇಕಂತಲೇ ಮಾಡಿದೀಯ!” ಅಂತ ಇವರು ಕೂಗಾಡಿದರು.

ಬೇಕಂತ ಮಾಡಿರಲಿಲ್ಲ. ಆದರೆ ಆ ಚಂದ್ರನನ್ನು ನೋಡಿ ಒಳಗೊಳಗೇ ಖುಷಿಯಾದದ್ದು ನಿಜ. ಅದನ್ನೂ ಆ ದಿನದ ಕೃಪೆಗಳ ಲೆಕ್ಕಕ್ಕೆ ಸೇರಿಸಿಬಿಟ್ಟೆ.

ಸಿಟ್ಟು ಬಂದಾಗಲೆಲ್ಲ ನನಗೆ ಮನೆದೇವರು ನೆನಪಾಗುತ್ತಾನೆ. ನಮ್ಮ ಮನೆದೇವರು ವೀರಭದ್ರ. ಚಿತ್ರದುರ್ಗದ ಕಡೆ ನಮ್ಮ ಹಿರಿಯರ ಊರಿನ ಗುಡಿಯಲ್ಲಿ ಕತ್ತಿ ಹಿಡಿದು ನಿಂತಿದ್ದಾನೆ. ಕಾಲ ಬಳಿ ಕೈಮುಗಿದುಕೊಂಡು ಕುರಿತಲೆಯ ದಕ್ಷ. ದಕ್ಷನ ಯಜ್ಞದ ಕಥೆ ನಿಮಗೆ ಗೊತ್ತೇ ಇದೆ. ಹೇಳುವವರು ಅದನ್ನು ಮಾವ ಅಳಿಯನ ಜಗಳ ಅನ್ನುತ್ತಾರೆ. ನನಗೆ ಈಚೆಗೆ ಅನ್ನಿಸುವುದೇ ಬೇರೆ. ಅದು ಯೋಜನೆ ಹಾಕುವಾಗ ಆದ ಅನ್ಯಾಯ. ದಕ್ಷ ಸಾಮಾನ್ಯದವನಲ್ಲ, ಬಹಳ ಅಚ್ಚುಕಟ್ಟಾಗಿ ಏರ್ಪಾಡು ಮಾಡಿದ್ದ. ಯಾರಿಗೆ ಯಾವ ಆಸನ, ಯಾರಿಗೆ ಎಷ್ಟು ಹವಿಸ್ಸು, ಎಲ್ಲ ಬರೆದಿಟ್ಟಹಾಗೆ. ಶಿವನಿಗೆ ಮಾತ್ರ ಜಾಗ ಇಲ್ಲ. ಯಾಕೆ? ಮೈಗೆ ಬೂದಿ, ಇರುವುದು ಮಸಣದಲ್ಲಿ, ಸಭೆಯ ಅಂದ ಕೆಡುತ್ತದೆ. ದಾಕ್ಷಾಯಣಿ ಕರೆಯದಿದ್ದರೂ ಹೋದಳು, ತವರಲ್ಲವೇ ಅಂತ. ಹೋಗಿ ಆ ಚಂದದ ಏರ್ಪಾಡನ್ನು ಕಣ್ಣಾರೆ ನೋಡಿದಳು. ಆಮೇಲೆ ಆದದ್ದೆಲ್ಲ ಆಯಿತು. ಶಿವ ಜಟೆ ಕಿತ್ತು ನೆಲಕ್ಕೆ ಅಪ್ಪಳಿಸಿದ, ವೀರಭದ್ರ ಎದ್ದ.

ಸಭೆಯ ಅಂದ ಕೆಡುತ್ತದೆ ಅಂತ ಶಿವನನ್ನೇ ಬಿಟ್ಟವರಿಗೆ ಪೆಟಿಕೋಟು ಯಾವ ಲೆಕ್ಕ ಅನ್ನಿಸಿತು ನನಗೆ. ಒಂದು ಸಂಜೆ ಯಜಮಾನರು ಡೆಕ್ಕಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಬಗ್ಗಿದ್ದಾಗ, ಅವರ ಕತ್ತಿನ ಮೇಲೆ ಕುರಿತಲೆ ಹೇಗೆ ಕೂರಬಹುದು ಅಂತ ನಾನು ಸ್ವಲ್ಪ ಹೊತ್ತು ಅಂದಾಜು ಮಾಡುತ್ತ ನಿಂತೆ. ಚೆನ್ನಾಗೇ ಕೂರುತ್ತಿತ್ತು. ಆಮೇಲೆ ಶಿವಶಿವಾ ಅಂತ ಗಲ್ಲ ಬಡಿದುಕೊಂಡು ಅವರಿಗೆ ಬಿಸಿ ರೊಟ್ಟಿ ಬಡಿಸಿದೆ.

ಇಷ್ಟರವರೆಗಿನ ಸಿಟ್ಟು ನನ್ನ ಸ್ವಂತಕ್ಕೆ. ಅದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಒಂದು ಬೆಳಿಗ್ಗೆ ಬಿಲ್ವಪತ್ರೆಗೆ ಅಂತ ಮೇಲೆ ಹೋದರೆ ಹಗ್ಗಗಳು ಖಾಲಿ. ಮಾರನೇ ದಿನವೂ ಖಾಲಿ. ಊರಿಗೆ ಹೋದರೇ, ಮುದುಕರಿಗೇನಾದರೂ ಹೆಚ್ಚುಕಡಿಮೆಯಾಯಿತೇ ಅಂತ ಗಾಬರಿಯಾಗಿ ಕೆಳಗಿಳಿದೆ. ರೇಖಾಳ ಮನೆಯ ಬಾಗಿಲಲ್ಲೇ ಹಸಿ ಬಟ್ಟೆಯ ಮುಗ್ಗು ವಾಸನೆ. ಕಿಟಕಿಯ ಗ್ರಿಲ್ಲಿಗೆ ಒಂದು ಹಾಸು, ಸ್ಕೂಟರಿನ ಮೇಲೆ ಒಂದು ಹೊದಿಕೆ, ಕುರ್ಚಿಯ ಬೆನ್ನಿಗೆ ಪಂಚೆ. ಯಾವುದೂ ಒಣಗಿಲ್ಲ. ಒಳಗೆ ಮುದುಕರು ನರಳುತ್ತಿದ್ದರು.

“ಯಾಕಮ್ಮಾ ಮೇಲೆ ಬರಲೇ ಇಲ್ಲ?”

“ಅಂಕಲ್ ಹೇಳಿದ್ರಲ್ಲ ಆಂಟಿ.” ಅವಳು ನನ್ನ ಮುಖ ನೋಡಲಿಲ್ಲ. “ಮೆಟ್ಟಿಲತ್ರ ಸಿಕ್ಕಿದ್ರು. ಮೇಲೆ ಹೊಸದಾಗಿ ಮಾಡ್ಸ್ತಾ ಇದೀವಿ, ಇನ್ಮೇಲೆ ಬಾಗ್ಲಿಗೆ ಬೀಗ ಇರುತ್ತೆ, ಈಗ್ಲಿಂದಾನೇ ಅಭ್ಯಾಸ ಮಾಡ್ಕೊಳಮ್ಮ ಅಂದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.”

ನನಗೆ ಗೊತ್ತಿರಲಿಲ್ಲ. ನನ್ನ ಮನೆಯ ಬಿಸಿಲಿಗೆ ಬೀಗ ಹಾಕುವ ವಿಚಾರ ನನಗೇ ಗೊತ್ತಿರಲಿಲ್ಲ.

“ನೀವು ಬೇಜಾರ್ ಮಾಡ್ಕೋಬೇಡಿ ಆಂಟಿ. ಇವರು ಬೇರೆ ಮನೆ ನೋಡ್ತಾ ಇದಾರೆ. ಎಲ್ಲ ಕಡೆ ಮಾತು ಮುಗಿಯೋವರೆಗೂ ಸರಿ ಇರುತ್ತೆ. ಮಾವ ಹಿಂಗೆ ಮಲಗಿದಾರೆ ಅಂದ ತಕ್ಷಣ, ಫೋನ್ ಮಾಡ್ತೀವಿ ಅಂತಾರೆ. ಯಾರೂ ಮಾಡಲ್ಲ. ಬೆನ್ನಲ್ಲಿ ಕೆಂಪಗಾಗಿದೆ ಆಂಟಿ, ಎರಡೇ ದಿನಕ್ಕೆ.”

ದಡದಡನೆ ಮೆಟ್ಟಿಲು ಹತ್ತಿ ಬಂದೆ. ಯಜಮಾನರು ಸೋಫಾದಲ್ಲಿ ಕೂತು ಹಲಗೆಯ ಬಣ್ಣ ಆರಿಸುತ್ತಿದ್ದರು.

“ಆ ಹುಡುಗಿಗೆ ಮೇಲೆ ಬರಬೇಡ ಅಂದ್ರಂತೆ?”

“ಹೂಂ. ಒದ್ದೆ ಬಟ್ಟೆ ನೀರು ತೊಟ್ಟಿಕ್ಕುತ್ತೆ. ಚಪ್ಪಲಿ ಹಾಕ್ಕೊಂಡು ಓಡಾಡ್ತಾರೆ. ಬಾಡಿಗೆಯವರಿಗೆ ಟೆರೇಸ್ ಕೊಡ್ಬೇಕು ಅಂತ ಎಲ್ಲಿದೆ?”

“ನಿಮ್ಮಮ್ಮನ ಬಟ್ಟೆ ಎಲ್ಲಿ ಒಣಗ್ತಿತ್ತು ರೀ?”

“ಆ ಮಾತು ಬೇರೆ.”

“ಏನು ಬೇರೆ? ಮಳೆಗೆ ಕೊಳೆಯಲ್ಲ ಅಂತ ಹಲಗೆ ತರ್ತಿದೀರಲ್ಲ. ಆ ಮನುಷ್ಯ ಕೆಳಗೆ ಮಲಗಿದ್ದಲ್ಲೇ ಕೊಳೀತಿದಾರೆ.”

ಯಜಮಾನರು ಎದ್ದು ಹೊರಗೆ ಹೋದರು. ನಮ್ಮ ಮನೆಯಲ್ಲಿ ಜಗಳ ಮುಗಿಯುವುದು ಯಾವಾಗಲೂ ಹೀಗೆ. ಅವರು ಪಾರ್ಕಿಗೆ ಹೋಗುತ್ತಾರೆ, ನಾನು ದೇವರ ಕೋಣೆಗೆ. ಅಲ್ಲಿ ಕೂತರೂ ಮನಸ್ಸು ಇಳಿಯಲಿಲ್ಲ. ಸಿಟ್ಟಿನಲ್ಲಿ ಮಾಡಿದ ಪೂಜೆ ಶಿವನಿಗೆ ಮುಟ್ಟುವುದಿಲ್ಲ ಅಂತಾರೆ. ನಾನು ನಂಬುವುದಿಲ್ಲ. ಸಿಟ್ಟು ಏನೆಂದು ಗೊತ್ತಿಲ್ಲದ ದೇವರಾಗಿದ್ದರೆ ಹಣೆಯ ನಡುವೆ ಇನ್ನೊಂದು ಕಣ್ಣು ಯಾಕೆ ಇಟ್ಟುಕೊಳ್ಳುತ್ತಿದ್ದ? ಅವನ ಮುಂದೆ ಕೂತು ಒಂದೇ ಕೇಳಿಕೊಂಡೆ: ಸಿಟ್ಟು ಕಡಿಮೆ ಮಾಡಬೇಡ ತಂದೆ, ಅದಕ್ಕೊಂದು ಕೆಲಸ ಕೊಡು.

ಕೆಲಸ ಕೊಟ್ಟವರು ಯಜಮಾನರೇ. ವಾರ ಕಳೆದ ಮೇಲೆ ಒಂದು ಸಂಜೆ ಬಂದು, ಏನೂ ಆಗಿಲ್ಲವೆಂಬಂತೆ ಹೇಳಿದರು: “ಸೋಮವಾರ ಕೆಲಸ ಶುರು. ರಾಹುಕಾಲ ಕಳೆದ ಮೇಲೆ, ಯಮಗಂಡ ಬರೋದ್ರೊಳಗೆ ಈಶಾನ್ಯ ಮೂಲೇಲಿ ಒಂದು ಪೂಜೆ ಆಗ್ಬೇಕು. ನೀನು ಗುಡಿಸಿ ಸಾರಿಸಿ ರಂಗೋಲಿ ಹಾಕಿಟ್ಟಿರು.”

ನಕ್ಷೆಗೆ ನನ್ನನ್ನು ಕೇಳಲಿಲ್ಲ, ಪೂಜೆಗೆ ಕೇಳಿದರು. ಅವರು ಮಾಡಿದ ತಪ್ಪು ಅದು. ಗಂಡಸರು ಎಷ್ಟೇ ದೊಡ್ಡ ಯೋಜನೆ ಹಾಕಲಿ, ಕಡೆಗೆ ಒಂದು ದೀಪ ಹಚ್ಚಲು, ಒಂದು ರಂಗೋಲಿ ಎಳೆಯಲು ಒಳಗಿನವರನ್ನು ಕರೆಯಲೇಬೇಕು. “ಆಯ್ತು” ಅಂದೆ. ಇಷ್ಟು ಸುಲಭವಾಗಿ ಆಯ್ತು ಅಂದದ್ದಕ್ಕೆ ಅವರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸೋಮವಾರ ಬೆಳಕು ಹರಿಯುವಾಗ ರೇಖಾಳನ್ನು ಎಬ್ಬಿಸಿ ಮೇಲೆ ಕರೆದುಕೊಂಡು ಹೋದೆ. ಅವಳು ಹೆದರಿ ಬಾಗಿಲಲ್ಲೇ ನಿಂತಳು. “ಬಾರೇ, ಕೈ ಕೊಡು” ಅಂದೆ. ಇಬ್ಬರೂ ಸೇರಿ ಗುಡಿಸಿ, ನೀರು ಹಾಕಿ, ಬಟ್ಟೆಯ ಹಗ್ಗವನ್ನು ಗೋಡೆಯಿಂದ ಬಿಚ್ಚಿದೆವು. ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ನಾನು. ನೆಲಕ್ಕೆ ತಾಗಿಸಿ ಬಿಗಿಯಾಗಿ ಎಳೆದು ಕಲ್ಲು ಇಟ್ಟು, ಅದರ ಗುಂಟ ರಂಗೋಲಿ ಪುಡಿ ಬಿಟ್ಟುಕೊಂಡು ಹೋದೆ. ಗೆರೆ ಒಂದಿಷ್ಟೂ ಸೊಟ್ಟಗಾಗಲಿಲ್ಲ. ಇಲ್ಲಿಂದ ಇಲ್ಲಿಗೆ ಹಗ್ಗ. ಇಲ್ಲಿ ಒಗೆಯುವ ಕಲ್ಲು. ಇಲ್ಲಿ ಬಿಲ್ವ. ಇಲ್ಲಿ ಮಳೆನೀರಿನ ಕೊಳವೆಯ ಬಾಯಿ. ಅದನ್ನು ಹಲಗೆಯಿಂದ ಮುಚ್ಚಿದರೆ ಎಲೆ ಕಟ್ಟಿಕೊಂಡು ನೀರೆಲ್ಲ ದೇವರ ಕೋಣೆಯ ಗೋಡೆಗೆ ಇಳಿಯುತ್ತದೆ. ಎಲ್ಲಕ್ಕೂ ಅದರದರ ನಿಜವಾದ ಅಳತೆಯ ಚೌಕ. ಅಂಚಿಗೆ ಕೆಮ್ಮಣ್ಣು. ಹಗ್ಗದ ಜಾಗದಲ್ಲಿ ಬಯಲಾಗಿ ಉಳಿದದ್ದಕ್ಕೆಲ್ಲ ಎಳೆ ಎಳೆಯಾಗಿ ಬಳ್ಳಿ, ಬಳ್ಳಿಯ ನಡುವೆ ಸಾಲಾಗಿ ಲಿಂಗಗಳು, ಒಂದೊಂದಕ್ಕೂ ವಿಭೂತಿ, ಕುಂಕುಮ. ಪಶ್ಚಿಮದ ಗೋಡೆಗಿರುವ ಟ್ಯಾಂಕಿನ ಮುಂದಿನ ಭಾಗವನ್ನು ಮಾತ್ರ ಖಾಲಿ ಬಿಟ್ಟೆ. ಸೊಂಟ ಹಿಡಿದುಕೊಂಡಿತ್ತು. ನಡುನಡುವೆ, ನನ್ನ ಜಗಳಕ್ಕೆ ದೇವರನ್ನು ಎಳೆದು ತರುತ್ತಿದ್ದೇನಲ್ಲ ಅಂತ ಅಳುಕೂ ಆಯಿತು. ದಕ್ಷನ ಜಗಳಕ್ಕೆ ಅವನನ್ನು ಎಳೆದವರು ಯಾರು, ಹೆಂಡತಿ ತಾನೆ ಅಂತ ಸಮಾಧಾನ ಹೇಳಿಕೊಂಡೆ.

ರಾಹುಕಾಲ ಕಳೆಯಿತು. ಯಜಮಾನರು ಮಡಿಪಂಚೆ ಉಟ್ಟು ಕೈಯಲ್ಲಿ ತೆಂಗಿನಕಾಯಿ ಹಿಡಿದು ಮೇಲೆ ಬಂದರು. ಹಿಂದೆ ಪ್ರಸನ್ನ, ಅವನ ಹಿಂದೆ ಸಿಂಚನಾ, ಕೊನೆಯಲ್ಲಿ ಹಲಗೆ ಕೂಡಿಸುವ ಮೇಸ್ತ್ರಿ. ಯಜಮಾನರು ತಾರಸಿಯ ಬಾಗಿಲು ದಾಟಲು ಕಾಲೆತ್ತಿದವರು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟುಕೊಂಡರು. ಈಶಾನ್ಯ ಮೂಲೆಗೆ ಹೋಗಬೇಕಾದರೆ ಲಿಂಗಗಳನ್ನು ತುಳಿದೇ ಹೋಗಬೇಕು. ಅಂಥ ಕಾಲು ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

“ಇದೇನೇ ಇದು?”

“ನಕ್ಷೆ.”

“ಯಾವ ನಕ್ಷೆ?”

“ಡೆಕ್ಕಿಂದು. ನಿಮ್ಮದು ಪೇಪರ್ ಮೇಲಿತ್ತು, ಚಿಕ್ಕದಾಗಿತ್ತು. ಏನೇನೋ ಬಿಟ್ಟುಹೋಗ್ತಿತ್ತು. ಇದು ದೊಡ್ಡದು.”

ಪ್ರಸನ್ನ ಹಿಂದಿನಿಂದ, “ಅಮ್ಮಾ, ಟೈಮಾಗ್ತಿದೆ, ಯಮಗಂಡ ಬರುತ್ತೆ” ಅಂದ.

“ಬರ್ಲಿ ಬಿಡು. ಅವನಿಗೂ ನಿಲ್ಲೋಕೆ ಜಾಗ ಇಲ್ಲ.”

ಸಿಂಚನಾ ಬಾಗಿಲಿನ ಸಂದಿಯಿಂದ ತಲೆ ತೂರಿಸಿ ನೋಡಿದಳು. ಅವಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವಳು ಕುಕ್ಕರಗಾಲಲ್ಲಿ ಕೂತು ಗೆರೆಯ ಗುಂಟ ಕಣ್ಣು ಹಾಯಿಸಿದಳು. “ಅಂಕಲ್, ಆಂಟಿ ಬಿಟ್ಟಿರೋ ಜಾಗದಲ್ಲೇ ಚೆನ್ನಾಗಿ ಬರುತ್ತೆ. ಮಧ್ಯಾಹ್ನದ ಮೇಲೆ ಅಲ್ಲಿ ಟ್ಯಾಂಕಿನ ನೆರಳಿರುತ್ತಲ್ಲ. ಮೇಲೆ ಚಾವಣೀನೂ ಬೇಡ.” ಆ ಒಂದು ಮಾತಿಗೆ ಅವಳ ಡ್ರೈಯರ್ ಮಾತನ್ನು ಮನ್ನಿಸಿಬಿಟ್ಟೆ.

ಯಜಮಾನರು ಗಡಿಯಾರ ನೋಡಿಕೊಂಡರು, ತೆಂಗಿನಕಾಯಿ ನೋಡಿಕೊಂಡರು. ಅವರ ಮುಖದಲ್ಲಿ ಸೋಲಿಗಿಂತ ಹೆಚ್ಚಾಗಿ ಪೆಚ್ಚುತನವಿತ್ತು. “ನನ್ನತ್ರ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?”

“ಹೇಳಿದ್ದೆ. ನೀವು ಪಾರ್ಕಿಗೆ ಹೋದ್ರಿ.”

“ಸರಿ, ಈಗೇನಂತೆ? ಹಗ್ಗ ಇರ್ಲಿ. ಪೂಜೆ ಮಾಡು.”

“ಹಗ್ಗ ನನ್ನೊಬ್ಬಳದಲ್ಲ. ರೇಖಾ ಬಟ್ಟೇನೂ ಇಲ್ಲೇ ಒಣಗ್ಬೇಕು, ಬಾಗ್ಲಿಗೆ ಬೀಗ ಇರಬಾರ್ದು. ಹೂಂ ಅಂದ್ರೆ ಕರ್ಪೂರ ಹಚ್ತೀನಿ.”

“ಹೂಂ.”

“ನಂಗಲ್ಲ. ಅವಳು ಇಲ್ಲೇ ನಿಂತಿದಾಳೆ, ಅವಳಿಗೆ ಹೇಳಿ.”

ರೇಖಾ ನನ್ನ ಹಿಂದೆ, ಹಗ್ಗದ ಸುರುಳಿ ಎದೆಗವಚಿಕೊಂಡು ನಿಂತಿದ್ದಳು. ಯಜಮಾನರು ಗಂಟಲು ಸರಿಮಾಡಿಕೊಂಡರು. “ಇಲ್ಲೇ ಒಣಗ್ಸ್ಕೊಳಮ್ಮ. ಮನೆ ಗಿನೆ ಹುಡುಕೋದೇನೂ ಬೇಡ ಅಂತ ನಿನ್ನ ಗಂಡಂಗೆ ಹೇಳು.” ಆಮೇಲೆ ದನಿ ತಗ್ಗಿಸಿ, “ಮಾವನವರ ಬೆನ್ನು ಹೆಂಗಿದೆ?” ಅಂದರು. ಆ ಕೊನೆಯ ಪ್ರಶ್ನೆಯನ್ನು ನಾನು ಹೇಳಿಕೊಟ್ಟಿರಲಿಲ್ಲ.

ಕರ್ಪೂರ ಹಚ್ಚಿದೆ. ಮೇಸ್ತ್ರಿ ಚಪ್ಪಲಿ ಬಿಟ್ಟು, ರಂಗೋಲಿಯ ಹೊರಗಿನಿಂದ ಗೋಡೆಗೆ ಬೆನ್ನು ತಾಗಿಸಿಕೊಂಡು ಪಶ್ಚಿಮದ ಮೂಲೆಗೆ ಹೋಗಿ, “ಅಮ್ಮಾ, ಈ ಕೆಂಪು ಗೆರೆವರೆಗೂ ತಾನೆ?” ಅಂತ ಕೇಳಿದ. ನನ್ನನ್ನು ಕೇಳಿದ. ಈ ಡೆಕ್ಕಿನ ವಿಚಾರದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಒಂದು ಮಾತು ಕೇಳಿದ್ದರು.

ಡೆಕ್ಕು ಈಗ ಆಗಿದೆ. ಚಿಕ್ಕದು, ಎರಡು ಕುರ್ಚಿ, ಒಂದು ಸ್ಟೂಲು ಹಿಡಿಸುತ್ತದೆ. ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತದೆ. ಎಲ್ಲ ಸರಿಹೋಯಿತಲ್ಲ, ಇನ್ನೇನು ನಿಮ್ಮ ಸಿಟ್ಟು ಅಂತ ನೀವು ಕೇಳಬಹುದು. ಮುದುಕರ ಬೆನ್ನು ಮಾಯುತ್ತಿದೆ, ಶಿವನ ಕೃಪೆ. ರೇಖಾ ಮನೆ ಬಿಡಲಿಲ್ಲ, ದೊಡ್ಡ ಕೃಪೆ. ಆದರೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಒಬ್ಬ ಮನುಷ್ಯ ಒಣಗಿದ ಹಾಸಿನ ಮೇಲೆ ಮಲಗಬೇಕು ಅನ್ನುವ ಇಷ್ಟು ಸಣ್ಣ ವಿಷಯಕ್ಕೆ ನೆಲದ ತುಂಬ ದೇವರನ್ನು ಬರೆದು ಕಾವಲಿಡಬೇಕಾಯಿತಲ್ಲ! ಬಾಯಿಮಾತು ಸಾಲಲಿಲ್ಲವಲ್ಲ! ನೆನೆಸಿಕೊಂಡರೆ ಈಗಲೂ ಕೈಯಲ್ಲಿನ ಲಟ್ಟಣಿಗೆ ಬಿಗಿಯಾಗುತ್ತದೆ. ಆ ದಿನ ನನ್ನ ಚಪಾತಿಗಳು ಬಲು ತೆಳ್ಳಗೆ ಬರುತ್ತವೆ.

ಯಜಮಾನರು ದಿನಾ ಸಂಜೆ ಅಲ್ಲಿ ಕೂರುತ್ತಾರೆ. ಕುರ್ಚಿ ಹಾಕಿದರೆ ಕಾಣುವುದು ನೇರ ರೇಖಾಳ ಮಾವನ ಹಾಸುಗಳು. ಬೇರೆ ಕಡೆ ತಿರುಗಿದರೆ ಟ್ಯಾಂಕು. ಹೀಗಾಗಿ ಅವರಿಗೆ ತಾವು ಅಂದುಕೊಂಡಿರದ ಒಂದು ಹುದ್ದೆ ಬಂದಿದೆ. ನಮ್ಮನೆಯವರು ಮೇಲೇ ಇರುತ್ತಾರೆ ಅಂತ ಗೊತ್ತಾದ ಮೇಲೆ ರೇಖಾ, “ಅಂಕಲ್, ಮಾವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ, ಬಟ್ಟೆ ಸ್ವಲ್ಪ ನೋಡ್ಕೊಳ್ಳಿ” ಅಂತ ಹೇಳಿ ಹೋಗುತ್ತಾಳೆ. ಇವರು ಬೇಡ ಅನ್ನಲಾರರು, ಮೇಲೆ ಕೂತಿರುವುದು ಲೋಕಕ್ಕೇ ಕಾಣುತ್ತಿದೆ.

ಮೊನ್ನೆಯೂ ಹಾಗೇ ಹೇಳಿ ಹೋಗಿದ್ದಳು. ಇದ್ದಕ್ಕಿದ್ದಂತೆ ಮಾಗಡಿ ರೋಡಿನ ಕಡೆಯಿಂದ ಗಾಳಿ ಎದ್ದಿತು. ಮೇಲೆ ಬಟ್ಟೆ ಪಟಪಟನೆ ಬಡಿದುಕೊಳ್ಳುವ ಸದ್ದು, ಕುರ್ಚಿ ಸರಿದ ಸದ್ದು, ಡೆಕ್ಕಿನ ಮೇಲೆ ಇವರು ಅತ್ತಿತ್ತ ಓಡಾಡುವ ಸದ್ದು. ಆಮೇಲೆ ಮೆಟ್ಟಿಲಿನ ಮೇಲಿಂದ ಕೂಗು:

“ಲೇ, ಹಾಸೆಲ್ಲ ಹಾರ್ತಿದೆ ಕಣೇ! ಕ್ಲಿಪ್ಪು ಎಲ್ಲಿಡ್ತೀರೇ ನೀವು?”

ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮ ಯಜಮಾನರು ಮೊದಲ ಸಲ ಕ್ಲಿಪ್ಪು ಎಲ್ಲಿದೆ ಅಂತ ಕೇಳಿದ್ದರು. ಅದು ಹಗ್ಗದ ತುದಿಯಲ್ಲೇ, ಅವರ ಮೂಗಿನ ಮಟ್ಟಕ್ಕೆ, ಒಂದು ಬುಟ್ಟಿಯಲ್ಲಿ ನೇತಾಡುತ್ತಿರುತ್ತದೆ. ಹೇಳಬಹುದಿತ್ತು. ಹುಡುಕಲಿ ಅಂತ ಸುಮ್ಮನೆ ಅವರೆಕಾಯಿ ಬಿಡಿಸುತ್ತ ಕೂತೆ.